ಹೊಲದ ಗಡಿ ಅಳತೆಗೆ ಉಪಗ್ರಹ ತಿದ್ದುಪಡಿ: ರೋವರ್ ಅಳವಡಿಸುವ ಕ್ರಮ

ಬದುವಿನ ಬುಡದಿಂದ ವರ್ಷಕ್ಕೊಂದು ಸಾಲು ಒತ್ತಿಕೊಂಡು ಉಳುವುದು ಹಳ್ಳಿಗಾಡಿನಲ್ಲಿ ಹೊಸದೇನಲ್ಲ. ವರ್ಷಕ್ಕೆ ಅರ್ಧ ಅಡಿ ಬದು ಸರಿದರೆ ಏಳು ವರ್ಷಗಳಲ್ಲಿ ಅದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ನೂರು ಮೀಟರ್ ಉದ್ದದ ಬದು ಒಂದು ಮೀಟರ್ ಸರಿಯಿತೆಂದರೆ ನೂರು ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ ನೆಲ ಕೈಬಿಟ್ಟಂತೆ. ಅಣ್ಣತಮ್ಮಂದಿರ ಪಾಲಿನಲ್ಲಿ ಉದ್ದನೆಯ ಪಟ್ಟಿಗಳಾಗಿ ಒಡೆದಿರುವ ಹಿಡುವಳಿಗಳಲ್ಲಿ ಒಂದು ಗುಂಟೆಯ ವ್ಯತ್ಯಾಸವೂ ತಲೆಮಾರಿನ ಮನಸ್ತಾಪಕ್ಕೆ ಕಾರಣವಾಗುತ್ತದೆ.

ಇಂತಹ ಸಂದರ್ಭದಲ್ಲಿ ಕೆಲವು ರೈತರು ಕೈಯಲ್ಲಿರುವ ಮೊಬೈಲ್ ಫೋನನ್ನೇ ಹಿಡಿದು ಹೊಲದ ಸುತ್ತ ನಡೆದು ವಿಸ್ತೀರ್ಣ ಲೆಕ್ಕ ಹಾಕುವುದುಂಟು. ಬಯಲಿನಲ್ಲಿಯೂ ಸಾಮಾನ್ಯ ಫೋನಿನ ಸ್ಥಾನ ಸೂಚನೆಯಲ್ಲಿ 3ರಿಂದ 5 ಮೀಟರ್ ತಪ್ಪು ಇರುವುದು ಸಹಜ. ನೂರು ಮೀಟರ್ ಬದುವಿಗೆ ಇದನ್ನು ಹಚ್ಚಿದರೆ ಮೂರರಿಂದ ಐದು ಗುಂಟೆಯ ಅನುಮಾನ ಬರುತ್ತದೆ. ಜಗಳ ಇರುವುದೇ ಒಂದು ಗುಂಟೆಗೆ. ಆದ್ದರಿಂದ ಫೋನಿನ ಅಳತೆ ಗಡಿಯ ಕೆಲಸಕ್ಕೆ ಬಾರದು. ಇದಕ್ಕೆ ಬೇಕಾಗುವುದು ಉಪಗ್ರಹ ತಿದ್ದುಪಡಿಯನ್ನು ಸ್ಥಳದಲ್ಲೇ ಪಡೆದು ಎರಡು ಮೂರು ಸೆಂಟಿಮೀಟರ್ ಒಳಗೆ ಸ್ಥಾನ ತಿಳಿಸುವ ಉಪಕರಣ. ಅದನ್ನು ಹೊತ್ತು ತಿರುಗುವುದರಿಂದ ರೋವರ್ ಎಂದು ಕರೆಯುತ್ತಾರೆ. ಭೂಮಾಪನ ಇಲಾಖೆಯ ಮೋಜಣಿದಾರರು ಇದನ್ನು ಬಳಸತೊಡಗಿದ್ದಾರೆ. ಇದರ ಕೆಲಸದ ರೀತಿ, ಅಳವಡಿಸುವ ಕ್ರಮ ಮತ್ತು ಇದರ ಮಿತಿಗಳನ್ನು ರೈತರು ತಿಳಿದಿರುವುದು ಒಳ್ಳೆಯದು.

ತಪ್ಪು ಎಲ್ಲಿಂದ ಬರುತ್ತದೆ?

ಹಾಸನದ ರೈತರಿಗೆ ಉಪಗ್ರಹ ಹೊಸ ಮಾತಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದ್ದು, ಭೂಮಿಯಿಂದ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ನಮ್ಮ ದೇಶದ ಉಪಗ್ರಹಗಳ ಮೇಲೆ ಅಲ್ಲಿಂದ ನಿಗಾ ಇಡಲಾಗುತ್ತದೆ. ಸ್ಥಾನ ತಿಳಿಸುವ ಸ್ವದೇಶಿ ನಾವಿಕ್ ಉಪಗ್ರಹಗಳೂ ಇದರಲ್ಲಿ ಸೇರಿವೆ. ಈ ಸರಣಿಯ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಲಾಯಿತು. ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ.

ಉಪಗ್ರಹದಿಂದ ಹೊರಟ ಸಂಕೇತ ಹೊಲಕ್ಕೆ ಬಂದು ಮುಟ್ಟಲು ಎಷ್ಟು ಸಮಯ ಹಿಡಿಯಿತು ಎಂಬುದರಿಂದ ದೂರವನ್ನು ಲೆಕ್ಕ ಹಾಕಲಾಗುತ್ತದೆ. ಈ ಸಂಕೇತ ಬೆಳಕಿನ ವೇಗದಲ್ಲಿ ಬರುವುದರಿಂದ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರ ಒಂದು ಅಡಿ ತಪ್ಪುತ್ತದೆ. ಉಪಗ್ರಹದ ಗಡಿಯಾರ ಮತ್ತು ಕಕ್ಷೆಯಲ್ಲಿನ ಸಣ್ಣ ದೋಷ, ವಾಯುಮಂಡಲದ ತೇವಾಂಶ, ಎಲ್ಲಕ್ಕಿಂತ ಹೆಚ್ಚಾಗಿ ಆಕಾಶದಲ್ಲಿ ಬಹು ಎತ್ತರದಲ್ಲಿರುವ ಅಯಾನುಗೋಳ ಎಂಬ ವಿದ್ಯುತ್ ಪದರ, ಇವೆಲ್ಲವೂ ಸಂಕೇತವನ್ನು ತಡಮಾಡುತ್ತವೆ. ದಕ್ಷಿಣ ಭಾರತವು ಭೂಕಾಂತದ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಈ ಪದರದ ಉಪದ್ರವ ನಮ್ಮಲ್ಲಿ ಹೆಚ್ಚು.

ತಿದ್ದುಪಡಿ ಎಂದರೇನು?

ಸಂತೆಯಲ್ಲಿ ತಕ್ಕಡಿ ತಪ್ಪು ತೂಗುತ್ತಿದೆ ಎಂಬ ಅನುಮಾನ ಬಂದರೆ ತೂಕ ಗೊತ್ತಿರುವ ಕಲ್ಲನ್ನು ಅದರಲ್ಲಿಟ್ಟು ನೋಡುತ್ತಾರೆ. ಐದು ಕಿಲೋ ಕಲ್ಲು ಐದು ಕಿಲೋ ನೂರು ಗ್ರಾಂ ತೋರಿಸಿದರೆ ದೋಷ ನೂರು ಗ್ರಾಂ ಎಂದು ತಿಳಿಯುತ್ತದೆ. ಮುಂದೆ ತೂಗುವ ಸಾಮಾನಿನಲ್ಲಿ ಅಷ್ಟನ್ನು ಕಳೆದರಾಯಿತು. ಉಪಗ್ರಹ ತಿದ್ದುಪಡಿಯೂ ಇದೇ ರೀತಿಯದು. ಸ್ಥಾನ ನಿಖರವಾಗಿ ಗೊತ್ತಿರುವ ಒಂದು ಕಂಬದ ಮೇಲೆ ಗ್ರಾಹಕ ಯಂತ್ರವನ್ನು ಶಾಶ್ವತವಾಗಿ ನಿಲ್ಲಿಸಲಾಗುತ್ತದೆ. ಉಪಗ್ರಹಗಳು ಹೇಳುವ ದೂರಕ್ಕೂ ನಿಜವಾದ ದೂರಕ್ಕೂ ಇರುವ ವ್ಯತ್ಯಾಸವನ್ನು ಅದು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತದೆ. ಆ ಮಾಹಿತಿ ಅಂತರಜಾಲದ ಮೂಲಕ ಹೊಲದಲ್ಲಿರುವ ರೋವರಿಗೆ ತಲುಪುತ್ತದೆ.

ಸರ್ವೆ ಆಫ್ ಇಂಡಿಯಾ ಎಂದು ಹೆಸರಾದ ಭಾರತೀಯ ಸರ್ವೇಕ್ಷಣ ಇಲಾಖೆಯು ಇಂತಹ ಕಾಯಂ ಕೇಂದ್ರಗಳ ಜಾಲವನ್ನು ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ಸ್ಥಾಪಿಸಿದೆ. ಇದಕ್ಕೆ ಕಾರ್ಸ್ ಜಾಲ ಎಂದು ಹೆಸರು. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಾಸದ ನೆಲೆಯನ್ನು ಡ್ರೋನ್ ಮೂಲಕ ಅಳೆಯಲು ಈ ಜಾಲದ ನೆರವು ಪಡೆಯಲಾಗಿದೆ.

ವಿಮಾನಗಳ ಅನುಕೂಲಕ್ಕೆಂದು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ರೂಪಿಸಿದ ಗಗನ್ ಎಂಬ ತಿದ್ದುಪಡಿಯೂ ಇದೆ. ಅದು ಉಪಗ್ರಹದಿಂದಲೇ ನೇರವಾಗಿ ಬರುವುದರಿಂದ ಅಂತರಜಾಲ ಬೇಡ. ಆದರೆ ಅದರ ನಿಖರತೆ ಮೀಟರಿನ ಲೆಕ್ಕದ್ದು. ಔಷಧ ಸಿಂಪಡಿಸುವಾಗ ದಾರಿ ಹಿಡಿಯಲು ಸಾಕಾಗಬಹುದೇ ಹೊರತು ಗಡಿಕಲ್ಲಿಗೆ ಸಾಲದು.

‘ಫಿಕ್ಸ್’ ಮತ್ತು ‘ಫ್ಲೋಟ್’

ರೋವರಿನ ಪರದೆಯ ಮೇಲೆ ಕಾಣುವ ಈ ಎರಡು ಪದಗಳನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಹಿಂದೆ ಮೋಜಣಿದಾರರು 33 ಅಡಿ ಉದ್ದದ ಸರಪಳಿ ಹಿಡಿದು ಅಳೆಯುತ್ತಿದ್ದರು. ಒಂದು ಸರಪಳಿಗೆ 16 ಆಣೆ. ಸರಪಳಿ ಎಷ್ಟು ಸಲ ಬಿದ್ದಿತು ಎಂಬ ಎಣಿಕೆ ಒಂದು, ಕೊನೆಗೆ ಉಳಿದ ಆಣೆ ಎಷ್ಟು ಎಂಬುದು ಇನ್ನೊಂದು. ಉಳಿದ ಆಣೆಯನ್ನು ಎಷ್ಟೇ ಜಾಗರೂಕತೆಯಿಂದ ಓದಿದರೂ ಸರಪಳಿಯ ಎಣಿಕೆಯಲ್ಲಿ ಒಂದು ತಪ್ಪಿದರೆ 33 ಅಡಿ ತಪ್ಪಿದಂತೆಯೇ.

ರೋವರ್ ಉಪಗ್ರಹದ ಅಲೆಯನ್ನೇ ಸರಪಳಿಯಾಗಿ ಬಳಸುತ್ತದೆ. ಜಿಪಿಎಸ್‌ನ ಮುಖ್ಯ ಅಲೆಯ ಉದ್ದ ಸುಮಾರು 19 ಸೆಂ.ಮೀ. ಕೊನೆಯ ಅಲೆಯ ತುಂಡನ್ನು ರೋವರ್ ಮಿಲಿಮೀಟರಿನ ಲೆಕ್ಕದಲ್ಲಿ ಓದಬಲ್ಲದು. ಆದರೆ ನಡುವೆ ಎಷ್ಟು ಪೂರ್ಣ ಅಲೆಗಳಿವೆ ಎಂಬ ಎಣಿಕೆ ಖಚಿತವಾಗಬೇಕು. ಎಣಿಕೆ ಇನ್ನೂ ಖಚಿತವಾಗದಿದ್ದರೆ ಪರದೆಯಲ್ಲಿ ‘ಫ್ಲೋಟ್’ ಎಂದು ಬರುತ್ತದೆ. ಆಗ ತಪ್ಪು ಅರ್ಧ ಮೀಟರ್ ಅಥವಾ ಅದಕ್ಕೂ ಹೆಚ್ಚು ಇರಬಹುದು. ಎಣಿಕೆ ಖಚಿತವಾದಾಗ ‘ಫಿಕ್ಸ್’ ಎಂದು ಬರುತ್ತದೆ. ‘ಸಿಂಗಲ್’ ಎಂದು ಬಂದರೆ ತಿದ್ದುಪಡಿಯೇ ತಲುಪಿಲ್ಲವೆಂದು ತಿಳಿಯಬೇಕು. ಈ ಮೂರು ಸ್ಥಿತಿಗಳಲ್ಲೂ ಪರದೆಯ ಅಂಕಿಗಳು ಮಿಲಿಮೀಟರಿನವರೆಗೆ ಒಂದೇ ರೀತಿ ಕಾಣುತ್ತವೆ. ಅಂಕಿ ಉದ್ದವಾಗಿದೆ ಎಂದ ಮಾತ್ರಕ್ಕೆ ಅಳತೆ ಸರಿಯಾಗಿದೆ ಎಂದು ಭಾವಿಸಬಾರದು.

ಬೇಕಾಗುವ ಸಲಕರಣೆಗಳು

ಎರಡು ಅಥವಾ ಹೆಚ್ಚು ಅಲೆಗಳನ್ನು ಹಿಡಿಯುವ ಗ್ರಾಹಕ ಮತ್ತು ಆಂಟೆನಾ, 2 ಮೀಟರ್ ಉದ್ದದ ಕಂಬ, ಕಂಬವನ್ನು ನೇರ ಹಿಡಿಯಲು ಗುಳ್ಳೆಯ ಮಟ್ಟಗೋಲು, ಎರಡು ಕಾಲಿನ ಆಸರೆ, ತಂತ್ರಾಂಶವಿರುವ ಮೊಬೈಲ್ ಫೋನು, ಬೇರೆ ಬೇರೆ ಕಂಪನಿಗಳ ಎರಡು ಸಿಮ್, ಉಕ್ಕಿನ ಟೇಪು ಮತ್ತು ಬರೆದುಕೊಳ್ಳಲು ಪುಸ್ತಕ ಬೇಕು. ಫೋನಿನೊಳಗಿನ ಚಿಕ್ಕ ಆಂಟೆನಾ ನಿಖರ ಅಳತೆಗೆ ದುರ್ಬಲ. ತಿದ್ದುಪಡಿ ಕೊಟ್ಟರೂ ಅದನ್ನು ಗಡಿಯ ಕೆಲಸಕ್ಕೆ ನಂಬುವಂತಿಲ್ಲ. ರೋವರ್ ದುಬಾರಿ ಉಪಕರಣವಾದ್ದರಿಂದ ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ರೈತ ಉತ್ಪಾದಕ ಕಂಪನಿ ಅಥವಾ ಸಹಕಾರ ಸಂಘದ ಮೂಲಕ ಪಡೆಯುವುದು ಲಾಭಕರ.

ಅಳವಡಿಸುವ ಕ್ರಮ

1. ಮೊದಲು ಸರ್ವೇಕ್ಷಣ ಇಲಾಖೆಯ ಕಾರ್ಸ್ ಸೇವೆಗೆ ನೋಂದಣಿ ಮಾಡಿಕೊಂಡು ಬಳಕೆದಾರರ ಹೆಸರು ಮತ್ತು ಗುಪ್ತಪದ ಪಡೆಯಬೇಕು. ಈ ಕೆಲಸವನ್ನು ಮನೆಯಲ್ಲೇ ಮುಗಿಸಿ ಹೊಲಕ್ಕೆ ಹೋಗಬೇಕು.

2. ರೋವರನ್ನು ತೆರೆದ ಬಯಲಿನಲ್ಲಿ ನಿಲ್ಲಿಸಿ ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಬೇಕು.

3. ತಂತ್ರಾಂಶದಲ್ಲಿ ತಿದ್ದುಪಡಿಯ ಮೂಲವಾಗಿ ‘ಎನ್‌ಟ್ರಿಪ್’ ಆರಿಸಬೇಕು. ಅಂತರಜಾಲದ ಮೂಲಕ ತಿದ್ದುಪಡಿ ಸಾಗಿಸುವ ಪದ್ಧತಿಗೆ ಈ ಹೆಸರು. ಇಲ್ಲಿ ಸೇವೆಯ ವಿಳಾಸ, ಪೋರ್ಟ್ ಸಂಖ್ಯೆ, ಬಳಕೆದಾರರ ಹೆಸರು ಮತ್ತು ಗುಪ್ತಪದವನ್ನು ನೋಂದಣಿಯಲ್ಲಿ ತಿಳಿಸಿದಂತೆಯೇ ತುಂಬಬೇಕು. ಒಂದು ಅಕ್ಷರ ಅಥವಾ ಚುಕ್ಕೆ ತಪ್ಪಿದರೂ ಸಂಪರ್ಕ ಸಿಗದು.

4. ನಂತರ ‘ಮೌಂಟ್ ಪಾಯಿಂಟ್’ ಪಟ್ಟಿಯನ್ನು ತರಿಸಿಕೊಳ್ಳಬೇಕು. ಯಾವ ಕೇಂದ್ರದ ತಿದ್ದುಪಡಿ, ಯಾವ ರೂಪದಲ್ಲಿ ಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. ಒಂದೇ ಕೇಂದ್ರದ ತಿದ್ದುಪಡಿಯಲ್ಲಿ ಕೇಂದ್ರದಿಂದ ದೂರ ಹೋದಂತೆ ಪ್ರತಿ 10 ಕಿ.ಮೀ.ಗೆ ಸುಮಾರು 1 ಸೆಂ.ಮೀ. ತಪ್ಪು ಕೂಡುತ್ತದೆ. ಹಾಸನ ಪಟ್ಟಣದಿಂದ ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ನೇರ ಗೆರೆಯಲ್ಲಿ ಸುಮಾರು 25ರಿಂದ 35 ಕಿ.ಮೀ. ದೂರದಲ್ಲಿವೆ. ಇಷ್ಟು ದೂರಕ್ಕೆ ಒಂದೇ ಕೇಂದ್ರವನ್ನು ನಂಬಿದರೆ ಮೂರು ಸೆಂ.ಮೀ. ಕೂಡುತ್ತದೆ, ಫಿಕ್ಸ್ ಸಿಗುವುದೂ ನಿಧಾನ. ಆದ್ದರಿಂದ ಸುತ್ತಲಿನ ಹಲವು ಕೇಂದ್ರಗಳ ಲೆಕ್ಕ ಸೇರಿಸಿ ಕೊಡುವ ಜಾಲ ತಿದ್ದುಪಡಿಯನ್ನು ಆರಿಸುವುದು ಮೇಲು.

5. ಜಾಲ ತಿದ್ದುಪಡಿ ಆರಿಸಿದಾಗ ರೋವರ್ ತನ್ನ ಅಂದಾಜು ಸ್ಥಾನವನ್ನು ಕೇಂದ್ರಕ್ಕೆ ಕಳುಹಿಸಬೇಕಾಗುತ್ತದೆ. ‘ಜಿಜಿಎ ಕಳುಹಿಸು’ ಎಂಬ ಆಯ್ಕೆ ಇದಕ್ಕಾಗಿಯೇ ಇದೆ. ಇದನ್ನು ಮರೆತರೆ ಸಂಪರ್ಕ ಸಿಕ್ಕಿದಂತೆ ಕಂಡರೂ ತಿದ್ದುಪಡಿ ಬರುವುದಿಲ್ಲ. ಹೊಸಬರು ಹೆಚ್ಚಾಗಿ ತೊಡರುವುದು ಇಲ್ಲಿಯೇ.

6. ದಿಗಂತದಿಂದ 10ರಿಂದ 15 ಡಿಗ್ರಿಗಿಂತ ಕೆಳಗಿರುವ ಉಪಗ್ರಹಗಳನ್ನು ಕೈಬಿಡುವಂತೆ ಸೂಚಿಸಬೇಕು. ಅವುಗಳ ಸಂಕೇತ ವಾಯುಮಂಡಲದಲ್ಲಿ ಹೆಚ್ಚು ದೂರ ಹಾದು ಬರುವುದರಿಂದ ನಂಬಲರ್ಹವಲ್ಲ.

7. ಕಂಬದ ಎತ್ತರವನ್ನು ಸರಿಯಾಗಿ ನಮೂದಿಸಬೇಕು. ಗುಳ್ಳೆ ನಡುವೆ ನಿಲ್ಲುವಂತೆ ಕಂಬ ಹಿಡಿಯಬೇಕು. 2 ಮೀಟರ್ ಕಂಬ ಒಂದೇ ಒಂದು ಡಿಗ್ರಿ ವಾಲಿದರೂ ತುದಿಯಲ್ಲಿ ಮೂರೂವರೆ ಸೆಂ.ಮೀ. ಸರಿಯುತ್ತದೆ. ಉಪಗ್ರಹದ ನಿಖರತೆಯೆಲ್ಲ ಅಲ್ಲಿಗೇ ಹಾಳು.

8. ಪರದೆಯಲ್ಲಿ ‘ಫಿಕ್ಸ್’ ಬರುವವರೆಗೆ ಕಾಯಬೇಕು. ತಿದ್ದುಪಡಿ ಎಷ್ಟು ಸೆಕೆಂಡು ಹಳೆಯದು ಎಂಬುದನ್ನೂ ಗಮನಿಸಬೇಕು. ಅದು ಒಂದೆರಡು ಸೆಕೆಂಡಿನಲ್ಲಿದ್ದರೆ ಉತ್ತಮ. ಏರುತ್ತಲೇ ಹೋದರೆ ಮೊಬೈಲ್ ಸಂಪರ್ಕ ಕಡಿದಿದೆ ಎಂದರ್ಥ, ಅಳತೆ ನಿಲ್ಲಿಸಬೇಕು.

ಗುರುತಿನ ಕಲ್ಲಿನ ಮೇಲೆ ಪರೀಕ್ಷೆ

ಫಿಕ್ಸ್ ಬಂದ ಕೂಡಲೇ ಗಡಿಕಲ್ಲಿಗೆ ಹೋಗಬಾರದು. ಕೆಲವೊಮ್ಮೆ ರೋವರ್ ತಪ್ಪು ಎಣಿಕೆಯನ್ನೇ ಖಚಿತವೆಂದು ತಿಳಿದು ಫಿಕ್ಸ್ ತೋರಿಸುವುದುಂಟು. ಇದನ್ನು ಕಂಡುಹಿಡಿಯಲು ಇರುವ ಉಪಾಯ ಪರೀಕ್ಷೆಯೊಂದೇ. ಊರಿನ ತೆರೆದ ಜಾಗದಲ್ಲಿ ಅಲುಗಾಡದಂತೆ ಒಂದು ಸಿಮೆಂಟ್ ಕಲ್ಲು ನೆಟ್ಟು, ತಲೆಯ ಮೇಲೆ ಸಣ್ಣ ಗುರುತು ಮಾಡಬೇಕು. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ಅದನ್ನು ಅಳೆದು ಸರಾಸರಿಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಮುಂದೆ ಯಾವ ದಿನ ಕೆಲಸಕ್ಕೆ ಹೊರಟರೂ ಮೊದಲು ಆ ಕಲ್ಲನ್ನು ಅಳೆದು, 3 ಸೆಂ.ಮೀ. ಒಳಗೆ ಹೊಂದಿದರೆ ಮಾತ್ರ ಮುಂದುವರಿಯಬೇಕು. ಸಂಜೆ ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು.

ಗಡಿಕಲ್ಲುಗಳನ್ನೂ ಎರಡು ಸಲ ಅಳೆಯಬೇಕು. ಒಂದು ಸುತ್ತು ಮುಗಿಸಿ, ರೋವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿ, ಅರ್ಧ ಗಂಟೆಯ ನಂತರ ಎರಡನೆಯ ಸುತ್ತು ಹಾಕಿದರೆ ಉಪಗ್ರಹಗಳ ಸ್ಥಾನ ಬದಲಾಗಿರುತ್ತದೆ. ಎರಡೂ ಹೊಂದಿದರೆ ಅಳತೆಯ ಮೇಲೆ ಭರವಸೆ ಇಡಬಹುದು.

ಹೊಲ ನೋಡಿ ಅಳತೆ

ಆಲೂಗೆಡ್ಡೆ, ಜೋಳದ ಬಯಲು ಹೊಲಗಳಲ್ಲಿ ಆಕಾಶ ತೆರೆದಿರುವುದರಿಂದ ಬೇಗ ಫಿಕ್ಸ್ ಸಿಗುತ್ತದೆ. ತೆಂಗಿನ ತೋಟಗಳಲ್ಲಿ ಹಾಗಲ್ಲ. ಚನ್ನರಾಯಪಟ್ಟಣದ ಕಡೆ ತೋಟದ ಬದುವಿನಲ್ಲೇ ಗಡಿಕಲ್ಲುಗಳಿರುತ್ತವೆ. ಗರಿಗಳು ಸಂಕೇತವನ್ನು ತಡೆಯುತ್ತವೆ, ತಗಡಿನ ಮಾಡು ಮತ್ತು ನೀರಿನ ತೊಟ್ಟಿಗಳಿಂದ ಸಂಕೇತ ಪ್ರತಿಫಲಿಸಿ ಬರುತ್ತದೆ. ತಪ್ಪು ಫಿಕ್ಸ್ ಹೆಚ್ಚಾಗಿ ಬರುವುದು ಇಂತಹ ಕಡೆಯೇ. ಹೀಗಿರುವಾಗ ತೋಟದ ಹೊರಗಿನ ಬಯಲಿನಲ್ಲಿ ಮೂರು ಗೂಟ ಹೊಡೆದು ಅವುಗಳನ್ನು ರೋವರಿನಿಂದ ಅಳೆಯಬೇಕು. ಪ್ರತಿ ಗೂಟದಿಂದ ಗಡಿಕಲ್ಲಿಗೆ ಉಕ್ಕಿನ ಟೇಪಿನಿಂದ ದೂರ ಹಿಡಿಯಬೇಕು. ಎರಡು ಗೂಟಗಳ ದೂರದಿಂದ ಕಲ್ಲಿನ ಸ್ಥಾನ ಸಿಗುತ್ತದೆ, ಮೂರನೆಯದು ತಾಳೆ ನೋಡಲು.

ಹೇಮಾವತಿ ದಂಡೆಯ ತಗ್ಗುಗಳಲ್ಲಿ ಮತ್ತು ಅರಕಲಗೂಡಿನ ಏರುತಗ್ಗಿನ ಪ್ರದೇಶದಲ್ಲಿ ಮೊಬೈಲ್ ಸಂಪರ್ಕ ಸಿಗದಿರುವುದುಂಟು. ಎರಡನೆಯ ಸಿಮ್ ಆಗ ಉಪಯೋಗಕ್ಕೆ ಬರುತ್ತದೆ. ಅದೂ ಸಿಗದಿದ್ದರೆ ಇನ್ನೊಂದು ಗ್ರಾಹಕವನ್ನು ಹೊಲದ ಬಳಿಯೇ ನಿಲ್ಲಿಸಿ ರೇಡಿಯೋ ಮೂಲಕ ತಿದ್ದುಪಡಿ ಪಡೆಯಬಹುದು. ಆದರೆ ಆ ಗ್ರಾಹಕ ನಿಂತ ಸ್ಥಾನ ನಿಖರವಾಗಿ ಗೊತ್ತಿರಬೇಕು. ಅಂದಾಜಿನಲ್ಲಿ ನಿಲ್ಲಿಸಿದರೆ ಹೊಲದ ಉದ್ದಗಲ ಸರಿಯಾಗಿ ಬಂದರೂ ಇಡೀ ಹೊಲವೇ ನಕ್ಷೆಯಲ್ಲಿ ಕೆಲವು ಮೀಟರ್ ಪಕ್ಕಕ್ಕೆ ಕೂರುತ್ತದೆ. ಮುಂದಿನ ವರ್ಷದ ಅಳತೆಗೆ ಅದು ಹೊಂದದು.

ಬೆಳಗಿನ ಏಳರಿಂದ ಹನ್ನೊಂದರವರೆಗಿನ ಹೊತ್ತು ಅಳತೆಗೆ ಉತ್ತಮ. ಮಧ್ಯಾಹ್ನ ಅಯಾನುಗೋಳದ ತಡೆ ಹೆಚ್ಚು. ಸೂರ್ಯಾಸ್ತದಿಂದ ನಡುರಾತ್ರಿಯವರೆಗೆ, ವಿಶೇಷವಾಗಿ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಸಂಕೇತ ಮಿಣುಕುವುದರಿಂದ ಫಿಕ್ಸ್ ಕೈತಪ್ಪುತ್ತದೆ. ಬೇಸಿಗೆಯಲ್ಲಿ ಹೊಲ ಖಾಲಿಯಿರುವಾಗ, ಮುಂಗಾರಿನ ಉಳುಮೆಗೆ ಮೊದಲು, ಬದುವಿನ ಗಿಡಗಂಟಿ ಸವರಿ ಕಲ್ಲುಗಳನ್ನು ಬಿಡಿಸಿಟ್ಟುಕೊಂಡು ಈ ಕೆಲಸ ಮಾಡುವುದು ಅನುಕೂಲ.

ಲೆಕ್ಕದಲ್ಲಿ ಗಮನಿಸಬೇಕಾದ ಅಂಶಗಳು

ಅಕ್ಷಾಂಶ ರೇಖಾಂಶಗಳನ್ನು ಡಿಗ್ರಿಯಲ್ಲಿ ಬರೆದುಕೊಳ್ಳುವಾಗ ದಶಮಾಂಶದ ನಂತರ ಎಂಟು ಸ್ಥಾನ ಬಿಡದೆ ಬರೆಯಬೇಕು. ಐದನೆಯ ಸ್ಥಾನದ ಒಂದು ಅಂಕಿ ಒಂದು ಮೀಟರಿಗೆ ಸಮ. ಅಲ್ಲಿಗೇ ನಿಲ್ಲಿಸಿದರೆ ರೋವರ್ ತಂದ ಪ್ರಯೋಜನವೇ ಇಲ್ಲವಾಗುತ್ತದೆ.

ಮೀಟರಿನ ಲೆಕ್ಕಕ್ಕೆ ಯುಟಿಎಂ ಪದ್ಧತಿ ಆರಿಸುವುದಾದರೆ ಈ ನಾಲ್ಕೂ ತಾಲ್ಲೂಕುಗಳು 43ನೇ ಉತ್ತರ ವಲಯಕ್ಕೆ ಸೇರುತ್ತವೆ. ಈ ಪದ್ಧತಿಯ ನಕ್ಷೆಯಲ್ಲಿ ಇಲ್ಲಿನ ನೆಲದ 100 ಮೀಟರ್ ದೂರ ಎರಡರಿಂದ ನಾಲ್ಕು ಸೆಂ.ಮೀ. ಕಡಿಮೆ ಕಾಣುತ್ತದೆ. ಟೇಪಿನ ಅಳತೆಯೊಂದಿಗೆ ಹೋಲಿಸುವಾಗ ‘ನೆಲದ ದೂರ’ ಎಂಬ ಆಯ್ಕೆಯನ್ನೇ ನೋಡಬೇಕು. ಎತ್ತರದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಉಪಗ್ರಹದ ಲೆಕ್ಕದ ಎತ್ತರ ಸಮುದ್ರ ಮಟ್ಟದಿಂದ ಅಳೆದ ಎತ್ತರಕ್ಕಿಂತ ನಮ್ಮ ಭಾಗದಲ್ಲಿ 80 ಮೀಟರಿಗೂ ಹೆಚ್ಚು ಕಡಿಮೆ ಬರುತ್ತದೆ. ಒಂದೇ ಹೊಲದಲ್ಲಿ ಬದು ಅಥವಾ ಕಾಲುವೆಯ ಇಳಿಜಾರು ಗುರುತಿಸುವಾಗ ಎತ್ತರಗಳ ವ್ಯತ್ಯಾಸ ಮಾತ್ರ ಬೇಕಾಗುವುದರಿಂದ ತೊಂದರೆಯಿಲ್ಲ.

ಗಡಿಯನ್ನು ಹೇಳುವುದು ದಾಖಲೆ

ರೋವರ್ ಹೇಳುವುದು ಕಲ್ಲು ಈಗ ಎಲ್ಲಿದೆ ಎಂಬುದನ್ನು. ಕಲ್ಲು ಎಲ್ಲಿರಬೇಕು ಎಂಬುದನ್ನು ಹೇಳುವುದು ಟಿಪ್ಪಣಿ, ಆಕಾರಬಂದ್ ಮತ್ತು ಗ್ರಾಮ ನಕಾಶೆ. ಹಳೆಯ ಟಿಪ್ಪಣಿಯಲ್ಲಿ ಅಕ್ಷಾಂಶ ರೇಖಾಂಶಗಳಿಲ್ಲ, ಸರಪಳಿ ಮತ್ತು ಆಣೆಗಳಿವೆ. ಒಂದು ಆಣೆ ಎಂದರೆ ಸುಮಾರು 63 ಸೆಂ.ಮೀ. ಎರಡು ಸೆಂಟಿಮೀಟರ್ ತೋರಿಸುವ ಉಪಕರಣವನ್ನು 63 ಸೆಂಟಿಮೀಟರಿನ ದಾಖಲೆಯೊಂದಿಗೆ ಹೋಲಿಸುವಾಗ ತಾಳ್ಮೆ ಇರಬೇಕು.

ಉದಾಹರಣೆಗೆ, ಟಿಪ್ಪಣಿಯಲ್ಲಿ ಎರಡು ಕಲ್ಲುಗಳ ನಡುವೆ 6 ಸರಪಳಿ 4 ಆಣೆ ಎಂದಿದೆ ಎಂದಿಟ್ಟುಕೊಳ್ಳಬಹುದು. ಅದು 206 ಅಡಿ 3 ಅಂಗುಲ, ಅಂದರೆ 62.87 ಮೀಟರ್. ರೋವರ್ 62.71 ಮೀಟರ್ ತೋರಿಸಿದರೆ ವ್ಯತ್ಯಾಸ 16 ಸೆಂ.ಮೀ., ಕೇವಲ ಕಾಲು ಆಣೆ. ಇದು ಪಕ್ಕದ ಹೊಲದವರು ಒತ್ತಿದ್ದರ ಗುರುತಲ್ಲ, ಹಳೆಯ ಅಳತೆಯ ಸಹಜ ಒರಟುತನ. ಅದೇ 61.60 ಮೀಟರ್ ಬಂದರೆ ಎರಡು ಆಣೆ ಕೊರತೆ. ಆಗ ಕಲ್ಲು ಸರಿದಿದೆಯೇ ಎಂದು ವಿಚಾರಿಸಲು ಕಾರಣವಿದೆ.

ಹಾಗೆ ಕಂಡುಬಂದರೂ ರೈತರು ತಾವೇ ಕಲ್ಲು ಕಿತ್ತು ನೆಡಬಾರದು. ಗಡಿ ಗುರುತುಗಳನ್ನು ಕೀಳುವುದು ಅಥವಾ ಕೆಡಿಸುವುದು ಭೂಕಂದಾಯ ಕಾಯ್ದೆಯಡಿ ಅಪರಾಧ. ಸ್ವಂತ ಅಳತೆಯ ಪ್ರತಿಯೊಂದಿಗೆ ಹದ್ದುಬಸ್ತಿಗೆ ಅರ್ಜಿ ಸಲ್ಲಿಸಬೇಕು. ಮೋಜಣಿದಾರರು ಅಕ್ಕಪಕ್ಕದ ಹಿಡುವಳಿದಾರರಿಗೆ ತಿಳಿವಳಿಕೆ ನೀಡಿ, ಅವರ ಸಮಕ್ಷಮದಲ್ಲಿ ಗುರುತಿಸಿದ ಗಡಿಗೆ ಮಾತ್ರ ಕಾನೂನಿನ ಬೆಲೆ. ಸ್ವಂತ ಅಳತೆಯ ಉಪಯೋಗ ಬೇರೆ. ಹದ್ದುಬಸ್ತು ಆದ ದಿನವೇ ಪ್ರತಿ ಕಲ್ಲನ್ನೂ ಅಳೆದು ಬರೆದಿಟ್ಟರೆ, ಮುಂದೆ ಟ್ರ್ಯಾಕ್ಟರ್ ತಾಗಿ ಕಲ್ಲು ಉರುಳಿದರೂ, ಮಳೆಗೆ ಬದು ಕೊಚ್ಚಿಹೋದರೂ ಅದು ನಿಂತಿದ್ದ ಜಾಗವನ್ನು ಮೋಜಣಿದಾರರಿಗೆ ತೋರಿಸಿಕೊಡಬಹುದು. ನೆಲದೊಳಗಿನ ಹನಿ ನೀರಾವರಿಯ ಮುಖ್ಯ ಕೊಳವೆ, ಕೊಳವೆಬಾವಿ, ಮಣ್ಣು ಪರೀಕ್ಷೆಗೆ ಮಾದರಿ ತೆಗೆದ ಜಾಗ ಇವುಗಳನ್ನೂ ಇದೇ ರೀತಿ ದಾಖಲಿಸಿಟ್ಟುಕೊಳ್ಳುವುದು ಲಾಭದಾಯಕ.

ಅಳೆಯುವ ದಿನ ಪಕ್ಕದ ಹೊಲದವರನ್ನೂ ಕರೆದು, ಗುರುತಿನ ಕಲ್ಲಿನ ಪರೀಕ್ಷೆಯನ್ನು ಅವರ ಕಣ್ಣೆದುರೇ ಮಾಡಿ, ಅಂಕಿಗಳ ಒಂದು ಪ್ರತಿಯನ್ನು ಅವರಿಗೂ ಕೊಡುವುದು ಉತ್ತಮ ಪದ್ಧತಿ. ಎರಡೂ ಮನೆಗಳಲ್ಲಿ ಒಂದೇ ಅಂಕಿ ಇದ್ದರೆ ಬದು ತಾನಾಗಿ ನಿಲ್ಲುತ್ತದೆ.